ನಾದ ಪ್ರಶ್ನೋತ್ತರ: ವಾದ್ಯವೃಂದ ಮತ್ತೆ ಒಂದೇ ಕೊಠಡಿಗೆ

ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ಬಡಾವಣೆ ವೃಂದಗಳು ಮತ್ತೆ ಎದುರುಬದುರು ಕೂತು ತಾಲೀಮು ಶುರುಮಾಡುವ ಬಗ್ಗೆ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಐದು ಪ್ರಶ್ನೆ ಮಾಡಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 22 ಜನರ ವೃಂದ. ಪಿಟೀಲು, ವೀಣೆ, ಕೊಳಲು, ಮೃದಂಗ, ಘಟ ಎಲ್ಲ ಇವೆ. ಸಮುದಾಯ ಭವನದ ಕೊಠಡಿ 30 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರ. ಮೂರು ಕಿಟಕಿ, ನಾಲ್ಕು ಸೀಲಿಂಗ್ ಫ್ಯಾನ್. ಕಿಟಕಿ ತೆಗೆದರೆ ರಸ್ತೆ ಗದ್ದಲ. ಎಲ್ಲರೂ ಒಟ್ಟಿಗೆ ಕೂರಬಹುದೇ? (ಮೈಸೂರು)

ಉತ್ತರ: ಕೂರಬಹುದು, ಆದರೆ ಕಿಟಕಿ ಮುಚ್ಚಿ ಬೇಡ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ನಿಮ್ಮ ಕೊಠಡಿಯಲ್ಲಿ ಹಿಡಿಸುವ ಗಾಳಿ ಸುಮಾರು 187 ಘನ ಮೀಟರ್. ಗಂಟೆಗೆ ಆರು ಸಲ ಅದು ಬದಲಾಗಬೇಕೆಂದರೆ ಸುಮಾರು 1,100 ಘನ ಮೀಟರ್ ಹೊರಹೋಗಬೇಕು. ಎಕ್ಸಾಸ್ಟ್ ಫ್ಯಾನ್ ಕೊಳ್ಳುವಾಗ ರೆಕ್ಕೆಯ ಅಳತೆ ಕೇಳಿ ಸುಮ್ಮನಾಗಬೇಡಿ. ಗಂಟೆಗೆ ಎಷ್ಟು ಘನ ಮೀಟರ್ ಎಳೆಯುತ್ತದೆಂದು ಡಬ್ಬದ ಮೇಲೆ ನೋಡಿ. ಫ್ಯಾನನ್ನು ಒಂದು ತುದಿಗೆ ಹಾಕಿ, ಎದುರು ತುದಿಯ ಕಿಟಕಿ ತೆರೆದಿಡಿ. ಎರಡೂ ಒಂದೇ ಗೋಡೆಯಲ್ಲಿದ್ದರೆ ಒಳಬಂದ ಗಾಳಿ ಕೂತವರ ತನಕ ಬಾರದೆ ಹಾಗೇ ಹೊರಟುಹೋಗುತ್ತದೆ.

ಗಾಳಿ ಸಾಕೋ ಸಾಲದೋ ತಿಳಿಯಲು ಇಂಗಾಲದ ಡೈಆಕ್ಸೈಡ್ ಮೀಟರ್ ಒಂದು ತನ್ನಿ, ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವುದೇ ಆಗಲಿ. ಹೊರಗೆ ಅದು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಆಸುಪಾಸು ತೋರಿಸುತ್ತದೆ. ಒಳಗೆ 800 ದಾಟದಂತೆ ನೋಡಿಕೊಳ್ಳಿ. ಎಲ್ಲ ಮುಚ್ಚಿಕೊಂಡು 22 ಜನ ಕೂತರೆ ಅರ್ಧ ಗಂಟೆಯಲ್ಲೇ 1,400 ದಾಟುತ್ತದೆ. ಹೆಪಾ ಫಿಲ್ಟರ್ ಇರುವ ಶುದ್ಧೀಕರಣ ಯಂತ್ರ ವೈರಸ್ ಹೊತ್ತ ಕಣಗಳನ್ನು ಹಿಡಿಯುತ್ತದೆ, ಆದರೆ ಮೀಟರಿನ ಅಂಕಿಯನ್ನು ಇಳಿಸುವುದಿಲ್ಲ. ಅಂಕಿ ಇಳಿಯಲಿಲ್ಲವೆಂದು ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ.

ರಸ್ತೆ ಗದ್ದಲಕ್ಕೆ ದಾರಿ ಇದು: 30 ನಿಮಿಷ ನುಡಿಸಿ, 10 ನಿಮಿಷ ಎಲ್ಲರೂ ಹೊರಗೆ. ಆ ಹೊತ್ತಿನಲ್ಲಿ ಕಿಟಕಿ ಪೂರ್ತಿ ತೆಗೆದು, ಎಕ್ಸಾಸ್ಟ್ ಜೋರಾಗಿ ಓಡಲಿ. ನುಡಿಸುವಾಗ ಕಿಟಕಿ ಅರ್ಧ ತೆರೆದಿದ್ದರೆ ನಡೆದೀತು. ಕೊಲರಾಡೊ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು 2020ರಲ್ಲಿ ವಾದ್ಯಗಳ ಮೇಲೆ ನಡೆಸಿದ ಅಧ್ಯಯನವೂ 30 ನಿಮಿಷದ ಮಿತಿಯನ್ನೇ ಸೂಚಿಸಿತ್ತು. ಕೊಳಲಿನವರನ್ನು ಎಕ್ಸಾಸ್ಟ್ ಕಡೆಗೆ ಕೂರಿಸಿ, ಗಾಳಿ ಅವರನ್ನು ದಾಟಿ ನೇರ ಹೊರಗೆ ಹೋಗಲಿ. ಹಾಡುವವರು ಇದ್ದರೆ ಅವರೂ ಅಲ್ಲೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಎರಡೂವರೆ ಗಂಟೆ ನಡೆದ ಒಂದು ಗಾಯನವೃಂದದ ತಾಲೀಮಿಗೆ ಬಂದಿದ್ದವರು 61 ಜನ. ಅವರಲ್ಲಿ ಖಚಿತ ಮತ್ತು ಸಂಭಾವ್ಯ ಸೇರಿ 53 ಮಂದಿಗೆ ಕಾಯಿಲೆ, ಇಬ್ಬರ ಸಾವು. ಕೆಮ್ಮು, ಜ್ವರ ಇರುವವರು ಅಂದು ಮನೆಯಲ್ಲೇ ಇರಬೇಕೆಂಬ ನಿಯಮದಲ್ಲಿ ಹಿರಿಯರೆಂಬ ರಿಯಾಯಿತಿಯೂ ಬೇಡ.

ಪ್ರಶ್ನೆ: ಎರಡು ಮಳೆಗಾಲ ವಾದ್ಯಗಳು ಪೆಟ್ಟಿಗೆಯಲ್ಲೇ ಇದ್ದವು. ವೀಣೆಯ ಸ್ವರ ಸ್ಥಾನ ತಪ್ಪಿದೆ, ತಂತಿ ಬಿಗಿಯುವ ಬಿರಡೆ ತಿರುಗುತ್ತಿಲ್ಲ. ಪಿಟೀಲಿನ ಕಮಾನಿನ ಕೂದಲು ಉದುರುತ್ತಿದೆ. ತಾಲೀಮಿಗೆ ಮುಂಚೆ ಏನೇನು ನೋಡಬೇಕು? (ಉಡುಪಿ)

ಉತ್ತರ: ಕರಾವಳಿಯ ಪತ್ರಗಳೆಲ್ಲ ಇದೇ ದೂರು. ತಾಲೀಮಿಗೆ ಮೂರು ವಾರ ಮೊದಲೇ ಪೆಟ್ಟಿಗೆ ತೆಗೆಯಿರಿ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ, ಗಾಳಿ ಆಡುವಲ್ಲಿ ಎರಡು ದಿನ ಇರಲಿ.

ವೀಣೆ: ತಂತಿಯನ್ನು ಬಟ್ಟೆಯಿಂದ ಒರೆಸಿ. ಕಂದು ಕಲೆ ಬಂದರೆ ತುಕ್ಕು ಹಿಡಿದಿದೆ, ಬದಲಿಸಿ. ಒಂದನ್ನು ಬಿಚ್ಚಿ ಕಟ್ಟಿದ ಮೇಲೇ ಮುಂದಿನದು, ಎಲ್ಲವನ್ನೂ ಒಮ್ಮೆಗೇ ಸಡಿಲಿಸಿದರೆ ತಂತಿಗಳನ್ನು ಹೊತ್ತ ಕುದುರೆ ಜರುಗುತ್ತದೆ. ಶ್ರುತಿ ಮಾಡಿ 12ನೇ ಮೆಟ್ಟಿಲು ಒತ್ತಿ ನೋಡಿ. ತೆರೆದ ತಂತಿಯ ಷಡ್ಜಕ್ಕಿಂತ (ಸ) ಒಂದು ಸ್ಥಾಯಿ ಮೇಲಿನ ಷಡ್ಜ ಅಲ್ಲಿ ಸರಿಯಾಗಿ ಸಿಗಬೇಕು. 12 ಸರಿ, ನಡುವಿನವು ತಪ್ಪು ಎಂದಾದರೆ ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದಿದೆ. 12ನೆಯದೂ ತಪ್ಪಿದ್ದರೆ ಮೊದಲು ಕುದುರೆ ನೋಡಿ. ಮೇಣವನ್ನು ಮನೆಯಲ್ಲಿ ಕಾಯಿಸಿ ಕೂರಿಸುವ ಸಾಹಸ ಬೇಡ. ಒಂದು ಮೆಟ್ಟಿಲು ಕೂರಿಸಲು ಹೋಗಿ ಪಕ್ಕದ ಎರಡು ಏಳುತ್ತವೆ. ಮೇಳ ಕಟ್ಟುವವರ, ಅಂದರೆ ವೀಣೆಗೆ ಮೆಟ್ಟಿಲು ಕೂರಿಸುವವರ ಕೈಗೆ ಕೊಡಿ. ಬಿರಡೆ ಬಿಗಿದಿದ್ದರೆ ಇಕ್ಕಳ ಹಾಕಬೇಡಿ. ಒಣ ಕೊಠಡಿಯಲ್ಲಿಟ್ಟರೆ ಮರ ಕುಗ್ಗಿ ತಾನೇ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಜಾರತೊಡಗಿದರೆ ಸೀಮೆಸುಣ್ಣದ ಪುಡಿ ಸವರಿ.

ಪಿಟೀಲು: ಕೂದಲು ಉದುರುವುದು ಬಹುತೇಕ ಸಣ್ಣ ಹುಳುವಿನ ಕೆಲಸ. ಅದಕ್ಕೆ ಕತ್ತಲೆಯ, ಮುಚ್ಚಿದ ಪೆಟ್ಟಿಗೆ ಇಷ್ಟ. ಕಮಾನಿಗೆ ಹೊಸ ಕೂದಲು ಹಾಕಿಸುವ ಮುನ್ನ ಪೆಟ್ಟಿಗೆಯ ಮೂಲೆ ಮೂಲೆ ಗುಡಿಸಿ, ಬಾಯಿ ತೆರೆದು ಬೆಳಕಿಗಿಡಿ. ಇಲ್ಲದಿದ್ದರೆ ಹೊಸ ಕೂದಲೂ ಆರು ತಿಂಗಳಿಗೆ ಅದೇ ಗತಿ. ಬೆರಳ ಗೆಣ್ಣಿನಿಂದ ಪಿಟೀಲಿನ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ: ಗರಗರ ಸದ್ದು ಬಂದಲ್ಲಿ ಅಂಟು ಬಿಟ್ಟಿದೆ. ಒಳಗಿನ ಸೌಂಡ್‌ಪೋಸ್ಟ್ ಕಡ್ಡಿ ಬಿದ್ದಿದ್ದರೆ ತಂತಿ ಬಿಗಿಯಲೇಬೇಡಿ, ಮೇಲಿನ ಹಲಗೆ ಕುಸಿಯುತ್ತದೆ.

ಮೃದಂಗ: ಎಡಗಡೆ ಹಚ್ಚಿದ್ದ ರವೆ ಒಣಗಿ ಹಾಗೇ ಉಳಿದಿದ್ದರೆ ಚಾಕುವಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಮುಚ್ಚಿ ಮೆತ್ತಗಾದ ಮೇಲೆ ಉಗುರಿನಲ್ಲಿ ಎಬ್ಬಿಸಿ. ಬಲಗಡೆಯ ಕರಣೆಯಲ್ಲಿ (ನಡುವಿನ ಕಪ್ಪು ಲೇಪ) ಚೂರು ಎದ್ದಿದ್ದರೆ ನಾದ ಒಡೆಯುತ್ತದೆ, ಅದಕ್ಕೆ ಕರಣೆ ಹೊಸದಾಗಿ ಹಾಕಿಸುವುದೊಂದೇ ದಾರಿ. ಕೊಳಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕೆಳಗಿನ ಸ್ವರಗಳು ಮೊದಲು ಹೋಗುತ್ತವೆ. ಬಿರುಕಿನ ಮೇಲೆ ನೂಲು ಬಿಗಿಯಾಗಿ ಸುತ್ತಿ ನೋಡಿ.

ಪ್ರಶ್ನೆ: ಶುರುವಿನಲ್ಲಿ ಕೊಳಲೂ ಪಿಟೀಲೂ ಒಂದೇ ಶ್ರುತಿಯಲ್ಲಿರುತ್ತವೆ. ಅರ್ಧ ಗಂಟೆಗೆ ಕೊಳಲು ಏರಿರುತ್ತದೆ. ತಪ್ಪು ಯಾರದು? (ಶಿವಮೊಗ್ಗ)

ಉತ್ತರ: ಕೊಠಡಿಯದು. ಕೊಳಲಿನೊಳಗಿನ ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚಿ ಶ್ರುತಿ ಏರುತ್ತದೆ: ಒಂದು ಡಿಗ್ರಿಗೆ ಹೆಚ್ಚುಕಡಿಮೆ ಮೂರು ಸೆಂಟ್. ಸೆಂಟ್ ಅಂದರೆ ಶ್ರುತಿಯ ಸೂಕ್ಷ್ಮ ಅಳತೆ, ಐದು ಮನೆ ಶ್ರುತಿಗೂ ಐದೂವರೆಗೂ ನಡುವೆ ಇರುವುದು 100 ಸೆಂಟ್. ತಂತಿಯ ಕಥೆ ಉಲ್ಟಾ. ಬಿಸಿಗೆ ಹಿಗ್ಗಿ ಇಳಿಯುತ್ತದೆ. ಆರೇಳು ಡಿಗ್ರಿ ವ್ಯತ್ಯಾಸಕ್ಕೆ ಎರಡೂ ಸೇರಿ ಕಿವಿಗೆ ಹೊಡೆಯುವಷ್ಟು ಅಂತರ ಬೀಳುತ್ತದೆ. ಹಿಂದೆ ಹೀಗಾಗದೆ ಈಗ ಆಗುತ್ತಿದ್ದರೆ ಕಿಟಕಿ ತೆರೆದ ಪರಿಣಾಮ ಅದು.

ಬಿದಿರಿನ ಕೊಳಲನ್ನು ಬಿಗಿಯಲಾಗದು, ಆದ್ದರಿಂದ ಉಳಿದವರು ಅದರ ಹಿಂದೆ ಹೋಗಬೇಕು. ಕಿಟಕಿ, ಫ್ಯಾನ್ ತಾಲೀಮಿನಲ್ಲಿ ಹೇಗಿರುತ್ತವೋ ಹಾಗೆ ಇಟ್ಟು 15 ನಿಮಿಷ ಬಿಡಿ. ಕೊಳಲಿನವರು ಐದು ನಿಮಿಷ ಊದಲಿ. ಅವರ ಷಡ್ಜಕ್ಕೆ ತಂಬೂರಿ ಆ್ಯಪಿನ ಸೆಂಟ್ ಹೊಂದಿಸಿ, ಪಿಟೀಲು, ವೀಣೆ, ಕೊನೆಗೆ ಮೃದಂಗ. ಎರಡು ಮೂರು ಕೊಳಲಿದ್ದರೆ ಒಂದನ್ನೇ ಪ್ರಮಾಣ ಮಾಡಿಕೊಳ್ಳಿ, ಉಳಿದವರು ಕೊಳಲನ್ನು ತುಟಿಯತ್ತ ಒಳಕ್ಕೆ ಹೊರಳಿಸಿ ಇಳಿಸಿಕೊಳ್ಳಲಿ. ತಂಬೂರಿ ಆ್ಯಪ್ ಒಂದೇ ಫೋನಿನಲ್ಲಿ ಓಡಲಿ. ನಾಲ್ಕು ಫೋನು ನಾಲ್ಕು ಶ್ರುತಿ ಹಾಡುತ್ತಿದ್ದರೆ ಜಗಳ ಮುಗಿಯುವುದಿಲ್ಲ. ಪ್ರತಿ ವಿರಾಮದ ನಂತರ ಮತ್ತೊಮ್ಮೆ ಶ್ರುತಿ.

ಕೀಬೋರ್ಡ್ ಇದ್ದರೆ ಅದರಲ್ಲೂ ಸೆಂಟ್ ಹೊಂದಿಸುವ ಗುಂಡಿ ಇರುತ್ತದೆ. ಹಾರ್ಮೋನಿಯಂ ಇದ್ದರೆ ಮಾತ್ರ ಅದೇ ಪ್ರಮಾಣ, ಕೊಳಲಿನವರು ಅದಕ್ಕೆ ಹೊಂದುವ ಕೊಳಲು ಹುಡುಕಿ ತರಬೇಕು.

ಪ್ರಶ್ನೆ: ಆನ್‌ಲೈನಿನಲ್ಲಿ ಮೆಟ್ರೊನೋಮಿನ (ಲಯ ತೋರಿಸುವ ಯಂತ್ರ) ಕ್ಲಿಕ್ ಕೇಳಿಕೊಂಡು ಎಲ್ಲರೂ ಚೆನ್ನಾಗಿಯೇ ಕಲಿತರು. ಒಟ್ಟಿಗೆ ಕೂತರೆ ಲಯ ಎಳೆಯುತ್ತಿದೆ, ಎರಡನೇ ಕಾಲದಲ್ಲಂತೂ (ದುಪ್ಪಟ್ಟು ವೇಗ) ಚೆಲ್ಲಾಪಿಲ್ಲಿ. ಅಂತರ ಕಾಯ್ದುಕೊಂಡು ಉದ್ದಕ್ಕೆ ಕೂರುತ್ತೇವೆ. (ಬೆಂಗಳೂರು)

ಉತ್ತರ: ಕಡೆಯ ವಾಕ್ಯದಲ್ಲೇ ಅರ್ಧ ಉತ್ತರ ಇದೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. 12 ಮೀಟರ್ ಸಾಲಿನ ತುದಿಯಲ್ಲಿರುವ ಮೃದಂಗದ ಪೆಟ್ಟು ಈ ತುದಿಗೆ 35 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ಕೇಳಿ ಇವರು ನುಡಿಸಿದ್ದು ಅಲ್ಲಿಗೆ ತಲುಪುವಾಗ 70. ಆದಿತಾಳದಲ್ಲಿ ಅಕ್ಷರಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ವರ್ಣದ ಎರಡನೇ ಕಾಲದಲ್ಲಿ ಅಕ್ಷರಕ್ಕೆ ಎಂಟು ಸ್ವರ, ಒಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡ್. ಎಲ್ಲರೂ ಕಿವಿಗೊಟ್ಟು ಕಾದರೆ ಲಯ ಎಳೆಯದೆ ಇನ್ನೇನಾಗುತ್ತದೆ?

ಅರ್ಧವೃತ್ತವಾಗಿ ಕೂರಿ, ಮೃದಂಗ ಹಿಂದಿನ ನಡುವೆ, ಯಾರೂ ಅದರಿಂದ ಐದು ಮೀಟರಿಗಿಂತ ಆಚೆ ಬೇಡ. ಗಾಳಿ ಸರಿಪಡಿಸಿದ ಕೊಠಡಿಯಲ್ಲಿ ಹತ್ತಿರ ಕೂರಲು ಅಷ್ಟು ಅಂಜಿಕೆ ಬೇಡ. ತಾಳ ಹಾಕುವವರು ಒಬ್ಬರೇ, ಎಲ್ಲರಿಗೂ ಕಾಣುವಂತೆ ಕೈ ಎತ್ತಿ ಹಾಕಲಿ. ಬೆಳಕಿಗೆ ತಡವಿಲ್ಲವಲ್ಲ.

ಉಳಿದರ್ಧ ಅಭ್ಯಾಸದ್ದು. ಕ್ಲಿಕ್ ಯಾರಿಗೂ ಕಾಯುವುದಿಲ್ಲ, ಹಾಗಾಗಿ ಪಕ್ಕದವರನ್ನು ಕೇಳುವ ಅಭ್ಯಾಸವೇ ತಪ್ಪಿದೆ. ಅರ್ಧ ವೃಂದ ಒಂದು ಆವರ್ತ (ತಾಳದ ಒಂದು ಸುತ್ತು) ನುಡಿಸಲಿ, ಉಳಿದರ್ಧ ತಾಳ ಮಾತ್ರ ಹಾಕಲಿ, ಮುಂದಿನ ಆವರ್ತಕ್ಕೆ ಅದಲು ಬದಲು. ಹತ್ತು ನಿಮಿಷ ಸಾಕು, ಕೈಬದಲಿನಲ್ಲಿ ಜಾಗ ಬಿಟ್ಟುಹೋದರೆ ಯಾರು ಓಡುತ್ತಿದ್ದಾರೆಂದು ತಾನೇ ಗೊತ್ತಾಗುತ್ತದೆ.

ಮೊದಲ ದಿನವೇ ತೋಡಿ ರಾಗ ಬೇಡ. ಮನೆಯಲ್ಲಿ ಬೇರೆಬೇರೆ ಕಲಿತವರು ಆ ಗಾಂಧಾರವನ್ನು ಒಬ್ಬೊಬ್ಬರು ಒಂದೊಂದು ಅಗಲಕ್ಕೆ ಆಡಿಸುತ್ತಾರೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಬರೆದ ನೊಟ್ಟುಸ್ವರಗಳಿಂದ ಶುರುಮಾಡಿ. ಗಮಕ (ಸ್ವರವನ್ನು ಆಡಿಸುವುದು) ಕಡಿಮೆ, ಶ್ರುತಿ ಲಯದ ಹುಳುಕು ಬೇಗ ಕಾಣುತ್ತದೆ. ಆಮೇಲೆ ಮೋಹನದ ವರ್ಣ, ಒಬ್ಬ ಪಿಟೀಲಿನವರ ಗಮಕವನ್ನೇ ಎಲ್ಲರಿಗೂ ಮಾದರಿ ಮಾಡಿ.

ಪ್ರಶ್ನೆ: ಇಲ್ಲಿ ಚಳಿಗಾಲ, ದಿನವಿಡೀ ಹೀಟರ್. ಕನ್ನಡ ಕೂಟದ ವೃಂದಕ್ಕೆ ಊರಿನಿಂದ ತಂದ ಎರಡು ವೀಣೆಗಳಿವೆ. ಜೊತೆಗೆ, ಬಹಳ ದಿನದ ಮೇಲೆ ನುಡಿಸಿ ಬೆರಳು ಉರಿಯುತ್ತಿದೆ. (ನ್ಯೂಜೆರ್ಸಿ)

ಉತ್ತರ: ನಿಮಗೆ ಉಡುಪಿಯವರ ತೊಂದರೆಯ ತಲೆಕೆಳಗು. ಹೀಟರ್ ಗಾಳಿಗೆ ಹಲಸಿನ ಮರ ಬಿರಿಯುತ್ತದೆ, ಮೇಣ ಪೆಡಸಾಗಿ ಮೆಟ್ಟಿಲು ಏಳುತ್ತದೆ. ತೇವಾಂಶ ಅಳೆಯುವ ಸಣ್ಣ ಮೀಟರ್ ವೀಣೆಯ ಪಕ್ಕವೇ ಇಡಿ. 40ರಿಂದ 50 ಪ್ರತಿಶತ ಇರಲಿ, ಇಳಿದರೆ ಕೊಠಡಿಗೆ ಹ್ಯುಮಿಡಿಫೈಯರ್ ಹಾಕಿ. ಕಾರಿನಿಂದ ತಂದ ಪೆಟ್ಟಿಗೆಯನ್ನು ಒಡನೆ ತೆಗೆಯದೆ ಅರ್ಧ ಗಂಟೆ ಮುಚ್ಚಿಯೇ ಇಡಿ.

ಬೆರಳಿಗೆ: ಮೊದಲ ವಾರ ದಿನಕ್ಕೆ 15 ನಿಮಿಷ, ಮುಂದಿನ ವಾರ 25. ಸ್ನಾನವಾದ ತಕ್ಷಣ ನುಡಿಸಬೇಡಿ, ಚರ್ಮ ನೆನೆದಿದ್ದು ತಂತಿ ಬೇಗ ಕೊರೆಯುತ್ತದೆ. ಗುಳ್ಳೆ ಎದ್ದರೆ ಒಡೆಯದೆ ಎರಡು ದಿನ ಬಿಡಿ. ಆ ದಿನಗಳ ತಾಲೀಮಿಗೆ ಬಂದು ತಾಳ ಹಾಕಬಹುದು.