ಸ್ಟೀರಿಂಗ್ ಬಾಕ್ಸ್ ಹೊಸದು ಹಾಕಿಸಲಾ, ರೀಕಂಡೀಷನ್ ಸಾಕಾ? ಎರಡೂ ಬೇಡ, ಮೊದಲು ಕಮಾನು ನೋಡಿ

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ಮೊದಲು ನಗು ಬಂತು, ಆಮೇಲೆ ನನ್ನದೇ ಕಥೆ ನೆನಪಾಗಿ ಹೊಟ್ಟೆ ಉರಿಯಿತು. ಪಿಕಪ್ 60 ಕಿ.ಮೀ. ವೇಗ ದಾಟಿದರೆ ನಡುಗುತ್ತದೆ, ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ, ಸ್ಟೀರಿಂಗ್ ಮೂರು ಬೆರಳಗಲ ತಿರುಗಿಸಿದರೂ ಚಕ್ರ ಅಲ್ಲಾಡುವುದಿಲ್ಲ, ಮೆಕ್ಯಾನಿಕ್ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ಕೆಳಗಿನ ಹಲ್ಲಿನ ಪೆಟ್ಟಿಗೆ) ಹೋಗಿದೆ ಅಂದಿದ್ದಾರೆ, ಹೊಸದು ಹಾಕಿಸಲಾ ರೀಕಂಡೀಷನ್ ಸಾಕಾ, ಇಷ್ಟೆಲ್ಲಾ ವಿವರವಾಗಿ ಬರೆದು ಕೊನೆಗೆ ಏನೋ ನೆನಪಾದ ಹಾಗೆ 'ಎರಡು ತಿಂಗಳ ಹಿಂದೆ ಮುಂದಿನ ಕಮಾನಿಗೆ (ಭಾರ ಹೊರುವ ಪಟ್ಟಿ ಸ್ಪ್ರಿಂಗ್‌ಗೆ) ಒಂದು ಪಟ್ಟಿ ಜಾಸ್ತಿ ಹಾಕಿಸಿದ್ದೆ' ಅಂತ ಸೇರಿಸಿದ್ದೀರಿ. ನಾನೂ ಆ ಮಾತನ್ನು ಹೀಗೇ ಕೊನೆಗೆ ಹೇಳಿದ್ದೆ. ನಾಲ್ಕು ತಿಂಗಳು ತಡವಾಗಿ.

ನಾನು ಬೇಲೂರು ಕಡೆಯಿಂದ ತರಕಾರಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿಗೆ ಹಾಕುತ್ತಿದ್ದೆ. ವಾರಕ್ಕೆ ನಾಲ್ಕು ಟ್ರಿಪ್. ನನ್ನ ಗಾಡಿಯೂ ನಿಮ್ಮದರ ಹಾಗೆ ಮುಂದೆ ಎರಡೂ ಚಕ್ರ ಜೋಡಿಸುವ ಒಂದೇ ಇಡೀ ಆಕ್ಸಲ್, ಅದರ ಮೇಲೆ ಪಟ್ಟಿ ಕಮಾನು ಇರುವಂಥದ್ದು. ಲೋಡ್ ಹಾಕಿದಾಗ ಮೂತಿ ತಗ್ಗುತ್ತದೆ ಅಂತ ಮುಂದೆ ಎರಡೂ ಕಡೆ ಒಂದೊಂದು ಪಟ್ಟಿ ಹಾಕಿಸಿದೆ. ಒಂದು ಮಧ್ಯಾಹ್ನದ ಕೆಲಸ. ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಹಳೇ ಯು ಬೋಲ್ಟ್‌ಗಳನ್ನೇ ವಾಪಸ್ ಹಾಕಿದರು. ನಾನೂ 'ಇರಲಿ ಬಿಡಿ, ಚೆನ್ನಾಗೇ ಇವೆ' ಅಂದೆ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಸಣ್ಣ ನಡುಕ ಶುರುವಾಯಿತು. ಟೈರ್ ಅಂದುಕೊಂಡೆ. ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ. ಅಲೈನ್ಮೆಂಟ್ ಮಾಡಿಸಿದೆ, ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ. ಮೂರು ಸಲ ಮಾಡಿಸಿದೆ, ಮೂರು ಸಲವೂ ಕಂಪ್ಯೂಟರ್ ಬೇರೆ ಬೇರೆ ಲೆಕ್ಕ ತೋರಿಸಿತು. ಅಲ್ಲೇ ತಲೆಗೆ ಹೊಳೆಯಬೇಕಿತ್ತು ಅಲ್ವಾ? ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಅಲೈನ್ಮೆಂಟ್‌ನವರು ತಿರುಗಿಸುವುದು ಮುಂದಿನ ಎರಡು ಚಕ್ರ ಜೋಡಿಸುವ ಟೈ ರಾಡ್ ಒಂದನ್ನೇ, ಅಂದರೆ ಟೋ ಮಾತ್ರ, ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಇರುವ ಲೆಕ್ಕ. ಟೈ ರಾಡ್ ಬಿಗಿಯಾಗೇ ಇದ್ದೂ ಲೆಕ್ಕ ದಿನಕ್ಕೊಂದು ತರ ಬಂದರೆ, ಬೇರೆ ಏನೋ ಜಾಗ ಬಿಟ್ಟು ಓಡಾಡುತ್ತಿದೆ ಅಂತ. ನನಗೆ ಹೊಳೆಯಲಿಲ್ಲ. ಮಷಿನ್ ಸರಿ ಇಲ್ಲ ಅಂತ ಅವರ ಜೊತೆ ಜಗಳ ಆಡಿ ಬಂದೆ. ಆಮೇಲೆ ಟೈ ರಾಡ್ ಎಂಡ್, ಅಂದರೆ ಅದರ ತುದಿಯ ಜಾಯಿಂಟ್, ಎರಡೂ ಬದಲಾಯಿಸಿದೆ. ಹಳೇವು ಚೆನ್ನಾಗೇ ಇದ್ದವು, ಇವತ್ತಿಗೂ ಮನೆ ಅಟ್ಟದ ಮೇಲೆ ಬಿದ್ದಿವೆ.

ಈಗ ಬಾಕ್ಸ್ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ನನ್ನ ದುಡ್ಡು ಹೋಗಿದ್ದು ಇಲ್ಲೇ.

ಬಾಕ್ಸ್ ಮೇಲೆ ಒಂದು ಸ್ಕ್ರೂ ಇರುತ್ತದೆ, ಅದಕ್ಕೊಂದು ಲಾಕ್ ನಟ್. ನಟ್ ಸಡಿಲ ಮಾಡಿ ಸ್ಕ್ರೂ ಬಿಗಿ ಮಾಡಿದರೆ ಸ್ಟೀರಿಂಗ್ ಆಟ, ಅಂದರೆ ಚಕ್ರ ತಿರುಗದೆ ಸುಮ್ಮನೆ ಆಡುವ ಸಡಿಲ, ಕಡಿಮೆ ಆಗುತ್ತದೆ. ಇದನ್ನು ಯಾರೋ ಹೇಳಿಕೊಟ್ಟರು. ಮನೆ ಮುಂದೆ ಗಾಡಿ ನಿಲ್ಲಿಸಿ ಕಾಲು ಸುತ್ತು ತಿರುಗಿಸಿದೆ. ಆಟ ಅರ್ಧ ಹೋಯಿತು! ಇಷ್ಟು ಸುಲಭನಾ ಅನ್ನಿಸಿತು. ಇನ್ನೊಂದು ಕಾಲು ಸುತ್ತು. ಸ್ಟೀರಿಂಗ್ ಹೊಸ ಗಾಡಿ ತರ ಗಟ್ಟಿಯಾಯಿತು. ಊರೆಲ್ಲಾ ಹೇಳಿಕೊಂಡು ಬಂದೆ.

ನನಗೆ ಗೊತ್ತಿಲ್ಲದ್ದು ಏನಂದರೆ, ಆ ಬಾಕ್ಸ್ ಒಳಗಿನ ಹಲ್ಲುಗಳನ್ನು ಮಾಡುವಾಗಲೇ ನಟ್ಟ ನಡುವೆ, ಅಂದರೆ ಚಕ್ರ ನೆಟ್ಟಗಿರುವಾಗ, ಹೆಚ್ಚು ಬಿಗಿಯಾಗಿ ಕೂರುವ ಹಾಗೆ ಮಾಡಿರುತ್ತಾರೆ. ಎಡಕ್ಕೆ ಬಲಕ್ಕೆ ತಿರುಗಿದಾಗ ಚೂರು ಸಡಿಲ. ನಾವು ಓಡಿಸುವುದು ಜಾಸ್ತಿ ನೆಟ್ಟಗೇ, ಹಾಗಾಗಿ ಸವೆಯುವುದೂ ನಡು ಭಾಗವೇ. ನಡುವಿನ ಆಟ ಪೂರ್ತಿ ಹೋಗಲಿ ಅಂತ ಬಿಗಿ ಮಾಡಿದರೆ, ಸವೆಯದ ಅಕ್ಕಪಕ್ಕದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನೆಟ್ಟಗೆ ಹೋಗುವಾಗ ಸುಖ. ತಿರುವಿನಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ವಾಪಸ್ ಬರಬೇಕಲ್ಲ, ಬರುವುದಿಲ್ಲ. ಎಲ್ಲಿ ಬಿಟ್ಟಿರೋ ಅಲ್ಲೇ ನಿಲ್ಲುತ್ತದೆ. ನಮ್ಮ ಊರಿನ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ.

ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಬೆಳಗಿನ ಮಂಜಿನಲ್ಲಿ ಇಳಿಯುತ್ತಿದ್ದೆ, 60 ಕ್ರೇಟ್ ಟೊಮೆಟೊ. ಒಂದು ತಿರುವು ಮುಗಿಸಿ ಕೈ ಸಡಿಲ ಬಿಟ್ಟೆ, ಹದಿನೈದು ವರ್ಷದ ಅಭ್ಯಾಸ. ಸ್ಟೀರಿಂಗ್ ಬರಲಿಲ್ಲ. ಎಳೆದುಕೊಂಡೆ. ಗಾಬರಿಯಲ್ಲಿ ಬ್ರೇಕನ್ನೂ ಒತ್ತಿದೆ, ಬ್ರೇಕ್ ಒತ್ತಿದರೆ ಎಳೆಯುವ ಗಾಡಿ ಅದು, ಎಳೆಯಿತು. ಚರಂಡಿಗೆ ಇಳಿದು ಗುಡ್ಡಕ್ಕೆ ಗುದ್ದಿ ನಿಂತಿತು. ಕಣಿವೆ ಕಡೆ ಹೋಗಲಿಲ್ಲ, ಅಷ್ಟೇ. ಬಂಪರ್, ರೇಡಿಯೇಟರ್ ಹೋಯಿತು, ಅರ್ಧ ಟೊಮೆಟೊ ರಸ್ತೆ ಮೇಲೆ. ಹಿಂದೆ ಬರುತ್ತಿದ್ದ ಲಾರಿಯವರು ಇಳಿದು, ಬೈದುಕೊಂಡೇ ಕ್ರೇಟ್ ಎತ್ತಿಕೊಟ್ಟರು.

ಗಾಡಿ ಎಳೆಸಿಕೊಂಡು ಬಂದ ಮೇಲೆ ಪಟ್ಟಿ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಬಾಕ್ಸ್ ಕಡೆ ತಿರುಗಿಯೂ ನೋಡಲಿಲ್ಲ. "ಪಟ್ಟಿ ಯಾವಾಗ ಹಾಕಿಸಿದ್ದು?" ಅಂದರು. ಹೇಳಿದೆ. "ಆಮೇಲೆ ಬೋಲ್ಟ್ ಟೈಟ್ ಮಾಡಿಸಿದೆಯಾ?" ಇಲ್ಲ. "ಗಾಡಿ ಹತ್ತು, ನಿಧಾನ ಮುಂದೆ ಬಿಡು, ಹೇಳಿದಾಗ ಬ್ರೇಕ್ ಒತ್ತು" ಅಂದು ದೂರ ಹೋಗಿ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತರು. ಎರಡೇ ಸಲ. ಎದ್ದು ಬಂದು ಎರಡು ಬೆರಳು ಜೋಡಿಸಿ ತೋರಿಸಿ "ಇಷ್ಟು ಹಿಂದಕ್ಕೆ ಹೋಗುತ್ತೆ ಎಡಗಡೆ ಆಕ್ಸಲ್" ಅಂದರು.

ಬಿಚ್ಚಿದಾಗ ಸೆಂಟರ್ ಬೋಲ್ಟ್ ಎರಡು ತುಂಡು. ಪಟ್ಟಿಗಳನ್ನೆಲ್ಲ ಹಿಡಿದಿಡುವುದೂ ಆ ಬೋಲ್ಟೇ, ಅದರ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತು ಆಕ್ಸಲನ್ನು ಜಾಗದಲ್ಲಿ ನಿಲ್ಲಿಸುವುದೂ ಅದೇ. ಆದರೆ ಭಾರ ತಡೆಯುವುದು ಯು ಬೋಲ್ಟ್‌ನ ಬಿಗಿ. ಪಟ್ಟಿ ಹೊಸದಾಗಿ ಸೇರಿಸಿದ ಮೇಲೆ ನಾಲ್ಕಾರು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಅವೆಲ್ಲ ಒಂದರ ಮೇಲೊಂದು ಕೂತು ಬೋಲ್ಟ್ ಸಡಿಲ ಆಗುತ್ತದೆ, ಮತ್ತೆ ಬಿಗಿ ಮಾಡಲೇಬೇಕು. ಹಳೇ ಯು ಬೋಲ್ಟ್ ಬೇರೆ, ಒಮ್ಮೆ ಹಿಗ್ಗಿದ್ದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಅದು ಸಡಿಲ ಆದಾಗ ಭಾರವೆಲ್ಲಾ ಬೆರಳು ಗಾತ್ರದ ಸೆಂಟರ್ ಬೋಲ್ಟ್ ಮೇಲೆ ಬಿತ್ತು, ಕತ್ತರಿಸಿ ಹೋಯಿತು.

ಸ್ಟೀರಿಂಗ್ ಆಟ ಎಲ್ಲಿಂದ ಬಂತು ಅಂತೀರಾ? ಬಾಕ್ಸ್ ಇರುವುದು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ. ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನುವ ರಾಡ್ ಹೋಗಿ ಚಕ್ರವನ್ನು ತಳ್ಳುತ್ತದೆ. ಚಕ್ರ ಇರುವುದು ಆಕ್ಸಲ್‌ಗೆ. ಆಕ್ಸಲ್ಲೇ ಹಿಡಿತ ಇಲ್ಲದೆ ನಿಂತಿದ್ದರೆ, ನೀವು ತಿರುಗಿಸಿದಾಗ ಮೊದಲು ಆಕ್ಸಲ್ ಸರಿಯುತ್ತದೆ, ಆಮೇಲೆ ಚಕ್ರ ತಿರುಗುತ್ತದೆ. ಕೈಗೆ ಅದು ಬಾಕ್ಸ್ ಆಟದ ತರವೇ ಅನ್ನಿಸುತ್ತದೆ. ಬ್ರೇಕ್ ಹಿಡಿದಾಗ ಎಡಗಡೆ ಹಿಂದಕ್ಕೆ ಸರಿದರೆ ಆಕ್ಸಲ್ ಓರೆಯಾಗಿ ಗಾಡಿ ಎಡಕ್ಕೇ ಹೋಗುತ್ತದೆ. ನಿಮ್ಮದೂ ಎಡಕ್ಕೇ ಅಂದಿರಿ.

ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಕೂಲಿ ಎಲ್ಲಾ ಸೇರಿ 2,000 ಒಳಗೆ ಮುಗಿಯಿತು. ಆದರೆ ಅಷ್ಟರಲ್ಲಿ ನಾನು ಬಿಗಿ ಮಾಡಿ ಮಾಡಿ ಚೆನ್ನಾಗಿದ್ದ ಬಾಕ್ಸಿನ ಹಲ್ಲು ಕೆಡಿಸಿದ್ದೆ. ಅದಕ್ಕೆ 18,000 ಕೊಟ್ಟೆ.

ಹಾಗಾಗಿ ನಿಮಗೆ ಹೇಳುವುದು, ಹೊಸದಾ ರೀಕಂಡೀಷನ್ನಾ ಅನ್ನುವ ಪ್ರಶ್ನೆಯೇ ಈಗ ಬೇಡ. ಬಾಕ್ಸ್ ಕೆಡುವುದಿಲ್ಲ ಅಂತಲ್ಲ. ಆದರೆ ಅದು ಕೊನೆಗೆ ನೋಡುವ ಸಾಮಾನು. ಆ ಸ್ಕ್ರೂ ಅಂತೂ ಮುಟ್ಟಲೇಬೇಡಿ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಜಾಕಿ ಹಾಕಬೇಡಿ, ಭಾರ ಚಕ್ರದ ಮೇಲೇ ಇರಲಿ. ಮನೆಯವರನ್ನು ಯಾರನ್ನಾದರೂ ಒಳಗೆ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿ, ಸ್ಟೀರಿಂಗ್ ಸುಮ್ನೆ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಮಲಗಿ ಒಂದೊಂದು ಜಾಯಿಂಟ್ ಮೇಲೆ ಕೈ ಇಟ್ಟು ನೋಡಿ, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್, ಬಾಕ್ಸ್ ಚಾಸಿಗೆ ಕೂತಿರುವ ಬೋಲ್ಟ್. ಸವೆದದ್ದು ಕೈಗೆ ಟಕ್ ಅಂತ ಹೊಡೆಯುತ್ತದೆ. ಜಾಕಿ ಎತ್ತಿ ಚಕ್ರ ನೇತಾಡಿಸಿ ನೋಡಿದರೆ ಎಷ್ಟೋ ಸಲ ಇದು ಗೊತ್ತಾಗುವುದಿಲ್ಲ. ಹಾಗೇ ಕಮಾನು ನೋಡಿ. ಯು ಬೋಲ್ಟ್ ಸುತ್ತ ಕೆಂಪು ತುಕ್ಕಿನ ಪುಡಿ, ಪಟ್ಟಿ ಕೂರುವ ಜಾಗದಲ್ಲಿ ಉಜ್ಜಿ ಹೊಳೆಯುವ ಗೆರೆ ಇದ್ದರೆ ಅದು ಓಡಾಡುತ್ತಿದೆ. ಟೇಪ್ ಹಿಡಿದು ಕಮಾನಿನ ಮುಂದಿನ ಪಿನ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬರಬೇಕು.

ಆಮೇಲೆ ಬೇಕಾದರೆ ಜಾಕಿ. ಜಾಕಿ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ, ಗಟ್ಟಿ ಮರದ ದಿಮ್ಮಿಯಾದರೂ ಕೊಡಿ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಳಗಿನವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ. ಟೈರ್ ಮೇಲೂ ಅಂಗೈ ಆಡಿಸಿ. ಒಂದು ಕಡೆಗೆ ನಯ, ವಾಪಸ್ ಬರುವಾಗ ಗರಗಸದ ತರ ಅನ್ನಿಸಿದರೆ ಟೋ ತಪ್ಪಿದೆ. ಆದರೆ ಆಕ್ಸಲ್ ಗಟ್ಟಿ ಆಗುವವರೆಗೆ ಅಲೈನ್ಮೆಂಟ್‌ಗೆ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು ನಿಮಗೆ ಇಷ್ಟ ಆಗದಿರಬಹುದು. ಆ ಹೆಚ್ಚಿನ ಪಟ್ಟಿ ತೆಗೆಸಿ. ಲೋಡ್ ಹೆಚ್ಚಾಗಿ ಬೀಳುವುದು ಹಿಂದೆ, ಹಿಂದಿನ ತುದಿಗೆ ಜಾಸ್ತಿ ತುಂಬಿದರೆ ಮೂತಿ ಹಗುರ ಆಗಿ ಗಾಡಿ ಇನ್ನೂ ಅಲೆದಾಡುತ್ತದೆ, ಅದಕ್ಕೆ ಮುಂದೆ ಪಟ್ಟಿ ಸೇರಿಸಿ ಏನು ಉಪಯೋಗ? ನನ್ನ ಗಾಡಿ ಮೂತಿ ತಗ್ಗುತ್ತಿದ್ದದ್ದು ಹಳೇ ಕಮಾನು ಸೋತು ಹೋಗಿದ್ದರಿಂದ. ನಾನು ತೆಗೆಸಿದ ಪಟ್ಟಿಯಲ್ಲಿ ಊರಿನ ಕಮ್ಮಾರರಿಂದ ಒಂದು ಒಳ್ಳೆ ಮಚ್ಚು ಮಾಡಿಸಿಕೊಂಡೆ, ಕಾಯಿ ಕೊಚ್ಚಲು ಇವತ್ತಿಗೂ ಅದೇ.

ನೋಡಿ ತಿಳಿಸಿ. ಫೋಟೋ ಹಾಕುವುದಾದರೆ ಎಡಗಡೆ ಯು ಬೋಲ್ಟ್ ಹತ್ತಿರದ್ದು ಹಾಕಿ, ಬಾಕ್ಸಿನದು ಬೇಡ. ಅಲ್ಲಿಯವರೆಗೆ ಲೋಡ್ ಹಾಕಿ ಘಾಟಿ ಇಳಿಯಬೇಡಿ.