ವೈದ್ಯರನ್ನು ಕೇಳಿ: ಭಾವನ ಮಾತು, ಬಿಂಬುಳಿ ರಸ ಮತ್ತು ಬಿಪಿ ಮಾತ್ರೆ

ಪ್ರಶ್ನೆ: ನನ್ನ ಗಂಡನಿಗೆ 54 ವರ್ಷ. ಮಲ್ಪೆ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಕ್ಕರೆ ಕಾಯಿಲೆ ಇಲ್ಲ. ಬಿಪಿ 160/100 ಇತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದರು. ಟೆಲ್ಮಿಸಾರ್ಟಾನ್ ಶುರುಮಾಡುವಾಗ 1.6 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಮೂರು ವಾರದಲ್ಲಿ 1.8 ಆಯಿತು. ಬಿಪಿ ಮಾತ್ರೆ ಕಿಡ್ನಿಯನ್ನು ಹಾಳುಮಾಡುತ್ತದೆ ಎಂದು ನನ್ನ ಭಾವ ಹೇಳಿದ್ದರಿಂದ ಅದನ್ನು ಬಿಟ್ಟಿದ್ದಾರೆ. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿಯುತ್ತಾರೆ. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುವುದೂ ಇದೆ. ಇದು ಸರಿಯೇ?
– ಓದುಗಿ, ಕಲ್ಯಾಣಪುರ

ಉತ್ತರ: ಮೊದಲು ಆ ಲೋಟವನ್ನು ಕೆಳಗಿಡಿಸಿ. ಉಳಿದದ್ದು ಆಮೇಲೆ.

ಬಿಂಬುಳಿಯ ಮೇಲೆ ನನಗೇನೂ ಹಗೆಯಿಲ್ಲ. ಉಡುಪಿಯ ನಮ್ಮ ಮನೆಯ ಬಾವಿಕಟ್ಟೆಯ ಬದಿಯಲ್ಲೇ ಒಂದು ಮರವಿದೆ; ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಅಂಟಿಕೊಂಡಿರುತ್ತದೆ. ಬಂಗುಡೆ ಸಾರಿಗೆ ನಾಲ್ಕು ಕಾಯಿ ಸೀಳಿ ಹಾಕಿದರೆ ಹುಣಸೆಹುಳಿಯೇ ಬೇಡ. ಆದರೆ ಸಾರಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ಬುಟ್ಟಿಗಟ್ಟಲೆ ಕಾಯಿ ಅರೆದು ಹಿಂಡಿ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ. ಅದು ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟುತ್ತದೆ. ಕೇರಳದಲ್ಲಿ ಇದೇ ರಸ ಕುಡಿದು ಕಿಡ್ನಿ ಏಕಾಏಕಿ ಕೈಕೊಟ್ಟ ಹತ್ತು ಮಂದಿಯ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಅದೇ ಕುಲದ ಧಾರೆಹುಳಿಯೂ ನಿಮ್ಮ ಗಂಡನಿಗೆ ಬೇಡ. ಕಿಡ್ನಿ ಸೋತವರ ಮೈಯಲ್ಲಿ ಅದರ ವಿಷಾಂಶ ಉಳಿದು, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಇನ್ನು ನಿಮ್ಮ ಭಾವನ ಮಾತು. ಇದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಅದೂ ಓದಿದವರ ಬಾಯಿಂದಲೇ. ಕಿಡ್ನಿಯೊಳಗೆ ರಕ್ತ ಸೋಸುವ ಲಕ್ಷಾಂತರ ಗಂಟುಗಳಿವೆ. ಪ್ರತಿಯೊಂದಕ್ಕೂ ರಕ್ತ ಒಳಬರಲು ಒಂದು ನಾಳ, ಹೊರಹೋಗಲು ಇನ್ನೊಂದು. ಬಿಪಿ ಏರಿದಾಗ ಈ ಗಂಟುಗಳೊಳಗೂ ಒತ್ತಡ ಏರಿ ಜಾಲರಿ ಹರಿಯುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುವುದು ಹಾಗೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಜಾತಿಯ ಔಷಧಗಳು ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಗಂಟಿನೊಳಗಿನ ಒತ್ತಡ ಇಳಿಯುತ್ತದೆ, ಸೋರಿಕೆ ತಗ್ಗುತ್ತದೆ. ಒತ್ತಡ ಇಳಿದ ಮೇಲೆ ಸೋಸುವ ವೇಗವೂ ತುಸು ಕುಗ್ಗಬೇಕಲ್ಲ? ಅದಕ್ಕೇ ಕ್ರಿಯಾಟಿನಿನ್ ಕೊಂಚ ಮೇಲೇರುವುದು. ಶೇಕಡಾ 30ರವರೆಗಿನ ಏರಿಕೆಗೆ ನಾವು ಮಾತ್ರೆ ನಿಲ್ಲಿಸುವುದಿಲ್ಲ. 1.6ರಿಂದ 1.8 ಎಂದರೆ ಶೇಕಡಾ 12.5. ಅಂದರೆ ಮಾತ್ರೆ ತನ್ನ ಕೆಲಸ ಶುರುಮಾಡಿದ ಹೊತ್ತಿಗೆ ಸರಿಯಾಗಿ ನೀವು ಅದನ್ನು ನಿಲ್ಲಿಸಿದ್ದೀರಿ.

ಸಕ್ಕರೆ ಕಾಯಿಲೆಯಿಲ್ಲದೆ ಬಿಪಿಯಿಂದ ಕಿಡ್ನಿ ಸೊರಗಿದ 1,094 ಆಫ್ರಿಕನ್ ಅಮೆರಿಕನ್ನರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ 2002ರಲ್ಲಿ ಬಂತು: ಇನ್ನೊಂದು ಜಾತಿಯ ಬಿಪಿ ಮಾತ್ರೆಯಾದ ಅಮ್ಲೋಡಿಪಿನ್ ತೆಗೆದುಕೊಂಡವರಿಗಿಂತ ರಾಮಿಪ್ರಿಲ್ ತೆಗೆದುಕೊಂಡವರಲ್ಲಿ ಕಿಡ್ನಿಯ ಇಳಿಜಾರು ನಿಧಾನವಾಗಿತ್ತು. ಅಮ್ಲೋಡಿಪಿನ್ ಕೆಟ್ಟ ಮಾತ್ರೆಯಲ್ಲ, ನಾನೂ ಬರೆಯುತ್ತೇನೆ. ಆದರೆ ಪ್ರೋಟೀನ್ ಸೋರುವವರಿಗೆ ಅದೊಂದೇ ಸಾಲದು. ‘ಕೆಮಿಕಲ್ ಬೇಡ, ಪ್ರಕೃತಿಯದ್ದೇ ಇರಲಿ’ ಎನ್ನುವ ಭಾವನಿಗೆ ಒಂದು ಮಾತು ಹೇಳಿ: ರಾಮಿಪ್ರಿಲ್‌ನ ಹಿರಿಯಣ್ಣ ಕ್ಯಾಪ್ಟೋಪ್ರಿಲ್‌ಗೆ ಎಳೆ ಸಿಕ್ಕಿದ್ದು ಬ್ರೆಜಿಲ್‌ನ ಜರರಾಕಾ ಹಾವಿನ ವಿಷದಿಂದ.

ನಿಜಕ್ಕೂ ಕಿಡ್ನಿಗೆ ಕುತ್ತು ತರುವ ಮಾತ್ರೆಯ ಬಗ್ಗೆ ನಿಮ್ಮ ಮನೆಯಲ್ಲಿ ಯಾರೂ ಚಕಾರ ಎತ್ತಿದಂತಿಲ್ಲ. ಮಂಡಿನೋವಿನದು! ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇವೆಲ್ಲ ಕಿಡ್ನಿಗೆ ಒಳಬರುವ ರಕ್ತವನ್ನೇ ಕಡಿಮೆಮಾಡುತ್ತವೆ, ಉಪ್ಪನ್ನು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರಂತೂ, ಅದರಲ್ಲೂ ಏಪ್ರಿಲ್‌ನ ಬೆವರಿನಲ್ಲಿ, ಕಿಡ್ನಿ ದಿನಗಳಲ್ಲೇ ಮುಷ್ಕರ ಹೂಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಮಿತಿಯಲ್ಲಿ.

ಈ ವಾರವೇ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮೂರನ್ನೂ ಮಾಡಿಸಿ, ರಸದ ವಿಷಯವನ್ನು ಮುಚ್ಚಿಡದೆ ನಿಮ್ಮ ವೈದ್ಯರಿಗೆ ತಿಳಿಸಿ. ಟೆಲ್ಮಿಸಾರ್ಟಾನ್ ಮತ್ತೆ ಯಾವಾಗ ಶುರುಮಾಡಬೇಕೆಂದು ಅವರು ವರದಿ ನೋಡಿ ಹೇಳಲಿ. ಮೂತ್ರ ಕಡಿಮೆಯಾದರೆ, ವಾಂತಿ ಬಂದರೆ, ವರದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆಯೇ ಇಲ್ಲ. ಕಿಡ್ನಿ ತೊಂದರೆಗೆಂದು ಡಾಪಾಗ್ಲಿಫ್ಲೋಜಿನ್ ಕೊಟ್ಟಿದ್ದಾರೆ. ಔಷಧದಂಗಡಿಯವರು ಇದು ಸಕ್ಕರೆ ಮಾತ್ರೆ ಎಂದರು. ಚೀಟಿ ತಪ್ಪಾಗಿದೆಯೇ?
– ನಿವೃತ್ತ ಶಿಕ್ಷಕರು, ಬ್ರಹ್ಮಾವರ

ಉತ್ತರ: ಚೀಟಿ ಸರಿಯಾಗಿದೆ, ಅಂಗಡಿಯವರ ತಿಳಿವಳಿಕೆ ಸ್ವಲ್ಪ ಹಳೆಯದು. ಸಕ್ಕರೆ ಕಾಯಿಲೆಗೆಂದೇ ಬಂದ ಮಾತ್ರೆ ಇದು. ಕಿಡ್ನಿ ರೋಗವಿದ್ದ 4,304 ಮಂದಿಯ ಮೇಲೆ ಪರೀಕ್ಷಿಸಿದಾಗ (2020ರಲ್ಲಿ ಪ್ರಕಟವಾಯಿತು) ಅವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಸಕ್ಕರೆ ಕಾಯಿಲೆ ಇರಲಿಲ್ಲ, ಅವರಿಗೂ ಲಾಭವಾಯಿತು. ಕಿಡ್ನಿಯ ಕೆಲಸ ಅರ್ಧಕ್ಕಿಂತ ಕೆಳಗಿಳಿಯುವುದು, ಪೂರ್ತಿ ಕೈಕೊಡುವುದು, ಕಿಡ್ನಿ ಅಥವಾ ಹೃದಯದ ಕಾರಣದ ಸಾವು, ಇವೆಲ್ಲ ಸೇರಿ ಶೇಕಡಾ 39ರಷ್ಟು ಕಡಿಮೆ. ಹೃದಯದ ಮಾತು ಯಾಕೆ ಬಂತೆಂದರೆ, ಕಿಡ್ನಿ ರೋಗಿಗಳಲ್ಲಿ ಹೆಚ್ಚಿನವರು ಡಯಾಲಿಸಿಸ್ ಹಂತ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ, ಅದಕ್ಕೆ ದೊಡ್ಡ ಕಾರಣ ಹೃದಯ. ಉಪ್ಪು–ನೀರು ಮೈಯಲ್ಲಿ ನಿಂತು, ರಕ್ತನಾಳ ಗಡುಸಾಗಿ, ರಕ್ತ ಕಡಿಮೆಯಾಗಿ ಹೃದಯದ ಗೋಡೆ ದಪ್ಪಗಾಗುತ್ತದೆ. ಕಿಡ್ನಿ ತಜ್ಞರು ಎದೆಯ ಎಕೋ ಮಾಡಿಸಲು ಹೇಳಿದರೆ ‘ದುಡ್ಡು ಮಾಡಲು’ ಎಂದುಕೊಳ್ಳಬೇಡಿ.

ನಮ್ಮ ದೇಶದಲ್ಲಿ 2020ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಚೆನ್ನಾಗಿ ಇಳಿದಿದೆ. ಎರಡು ಎಚ್ಚರಿಕೆ: ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು, ಸಂಕೋಚವಿಲ್ಲದೆ ಹೇಳಿ. ವಾಂತಿ–ಭೇದಿ ಆದ ದಿನ ಇದನ್ನು ತಡೆಹಿಡಿಯಬೇಕು. ಏಕಾದಶಿಗೆ ನೀರೂ ಮುಟ್ಟದವರು ನಮ್ಮಲ್ಲಿ ಬಹಳ. ನೀವು ಅವರಲ್ಲೊಬ್ಬರಾದರೆ ಆ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಒಬ್ಬರು ಬಿಪಿ 140 ಸಾಕು ಎನ್ನುತ್ತಾರೆ, ಇನ್ನೊಬ್ಬರು 120. ಯಾರನ್ನು ನಂಬಲಿ?
– ಓದುಗರು, ಸುರತ್ಕಲ್

ಉತ್ತರ: ಇದು ಬಿಪಿಯ ಮೇಲಿನ ಅಂಕಿಯ ಮಾತು. 120ರ ಮಾತು ಬಂದದ್ದು ಮುಖ್ಯವಾಗಿ 2015ರ ಅಮೆರಿಕದ ಸ್ಪ್ರಿಂಟ್ ಅಧ್ಯಯನದಿಂದ. ಸಕ್ಕರೆ ಕಾಯಿಲೆಯಿಲ್ಲದ 9,361 ಮಂದಿ. 120ರೊಳಗೆ ಇಳಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸೋಲುವಂಥವು ಒಟ್ಟಾರೆ ನಾಲ್ಕನೇ ಒಂದರಷ್ಟು ಕಡಿಮೆಯಾದವು. ಆದರೆ ತಲೆಸುತ್ತು ಬಂದು ಬೀಳುವಷ್ಟು ಬಿಪಿ ಇಳಿದದ್ದು, ಕಿಡ್ನಿಗೆ ಹಠಾತ್ ಪೆಟ್ಟಾದದ್ದು ಅವರಲ್ಲೇ ಹೆಚ್ಚು.

ಅಲ್ಲಿ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದರು. ನಮ್ಮಲ್ಲಿ? ರೋಗಿ ಸಿಟಿ ಬಸ್ಸಿನಿಂದ ಇಳಿದು ಮೆಟ್ಟಿಲೇರಿ ಬಂದು ಕೂತ ಕೂಡಲೇ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತುತ್ತಾರೆ. ಆ 150ನ್ನು ಹಿಡಿದುಕೊಂಡು 120ಕ್ಕೆ ಇಳಿಸಹೊರಟರೆ ಮನೆಯಲ್ಲಿ 100 ಆಗಿ ಬಚ್ಚಲಿನಲ್ಲಿ ಬೀಳುತ್ತೀರಿ. ಮನೆಯಲ್ಲೇ, ಬೆನ್ನಿಗೆ ಆಸರೆ ಕೊಟ್ಟು, ಮೂತ್ರ ಮಾಡಿಬಂದು, ಮಾತಾಡದೆ, ಒಂದು ವಾರ ಬೆಳಿಗ್ಗೆ–ಸಂಜೆ ಅಳೆದು ಬರೆದಿಡಿ. ಆ ಪಟ್ಟಿ ನೋಡಿದ ಮೇಲೆ ಗುರಿಯ ಮಾತು. ನಡುವಯಸ್ಸಿನ ಗಟ್ಟಿಗರಿಗೆ ನಾನು 120ರ ಆಸುಪಾಸನ್ನು ಬಯಸುತ್ತೇನೆ. ಎದ್ದು ನಿಂತರೆ ತೂರಾಡುವ ಅಜ್ಜ–ಅಜ್ಜಿಯರಿಗೆ ಅಲ್ಲ.

ಪ್ರಶ್ನೆ: ಸೋಡಿಯಂ ಕಡಿಮೆಯಿರುವ ಉಪ್ಪು ಒಳ್ಳೆಯದೇ? ಗಂಜಿಗೆ ಒಣಮೀನು, ಉಪ್ಪಿನಕಾಯಿ ಬಿಡಲಾಗುವುದಿಲ್ಲ.
– ಓದುಗರು, ಉಳ್ಳಾಲ

ಉತ್ತರ: ಚೀನಾದ 600 ಹಳ್ಳಿಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಗಿತ್ತು. ಆದರೆ ಅದರಲ್ಲಿ ಕಾಲು ಭಾಗ ಪೊಟ್ಯಾಸಿಯಂ ಉಪ್ಪು. ಕಿಡ್ನಿ ಸೋತವರಲ್ಲಿ, ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅವರಿಗೆ ದಿನಾ ಬೊಂಡ ಕುಡಿಯುವುದೂ ಅದೇ ಕಾರಣಕ್ಕೆ ಬೇಡ. ನಿಮ್ಮ ಕ್ರಿಯಾಟಿನಿನ್ ಎಷ್ಟು, ಯಾವ ಮಾತ್ರೆ ನಡೆಯುತ್ತಿದೆ ಎಂದು ಬರೆದಿಲ್ಲ. ಅದನ್ನು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಒಣಮೀನನ್ನು ಅಷ್ಟರೊಳಗೆ ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಸುಡಿ.