ಬಿಟ್ಟ ಆವೃತ್ತಿಯನ್ನು ಮುಟ್ಟಬೇಡಿ

ಮುಕ್ತ ತಂತ್ರಾಂಶಗಳ ಬಿಡುಗಡೆಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಬೇರೆ ಬೇರೆ ವೇಷದಲ್ಲಿ. ಆದ್ದರಿಂದ ಈ ಸಲ ಜಾಗವೆಲ್ಲ ಹೆಚ್ಚುಕಡಿಮೆ ಅದಕ್ಕೇ. ಗಿಟ್ ಎಂದರೇನು, ಟ್ಯಾಗ್ ಹಾಕುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದು ಕೈಪಿಡಿಯಲ್ಲಿದೆ, ತೆರೆದು ಓದಿ. ಗಿಟ್ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುತ್ತದೆ, ಅಂಥ ಒಂದೊಂದು ದಾಖಲೆ ಕಮಿಟ್, ಅದಕ್ಕೆ ಅಂಟಿಸುವ ಹೆಸರು ಟ್ಯಾಗ್, ಇಷ್ಟು ಗೊತ್ತಿದ್ದರೆ ಇಲ್ಲಿಗೆ ಸಾಕು.

ಪ್ರಶ್ನೆ: ಹಳೆಯ ನುಡಿ ಅಕ್ಷರಶೈಲಿಯ ಪಠ್ಯವನ್ನು ಯುನಿಕೋಡ್‌ಗೆ ಬದಲಾಯಿಸುವ ಪೈಥಾನ್ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. 1.4.2 ಬಿಡುಗಡೆ ಮಾಡಿ ಅರ್ಧ ಗಂಟೆಯಾದ ಮೇಲೆ ‘ರ‍್ಯಾಂಕ್’ನಂಥ ಪದಗಳು ಕೆಟ್ಟು ಬರುತ್ತಿರುವುದು ಕಣ್ಣಿಗೆ ಬಿತ್ತು. ಒಂದೇ ಸಾಲಿನ ತಿದ್ದುಪಡಿ. ಹಳೆಯ ಟ್ಯಾಗ್ ಅಳಿಸಿ, ತಿದ್ದಿದ ಕೋಡ್‌ಗೆ ಅದೇ 1.4.2 ಟ್ಯಾಗ್ ಹಾಕಿದೆ. ಆದರೆ ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐ ಅದೇ ಹೆಸರಿನ ಕಡತವನ್ನು ಮತ್ತೆ ಏರಿಸಲು ಬಿಡುತ್ತಿಲ್ಲ. ಏನಾದರೂ ಉಪಾಯವಿದೆಯೇ? ಅಷ್ಟರೊಳಗೆ ಯಾರೂ ಇಳಿಸಿಕೊಂಡಿರಲಾರರು. (ಬಸವನಗುಡಿ)

ಉತ್ತರ: ಉಪಾಯವಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ಪೈಪಿಐ ನಿಮ್ಮ ಕೈ ಹಿಡಿದು ನಿಲ್ಲಿಸಿದೆ, ಅದಕ್ಕೆ ಕೃತಜ್ಞರಾಗಿರಿ. ಒಮ್ಮೆ ಬಳಸಿದ ಕಡತದ ಹೆಸರನ್ನು ಅಳಿಸಿದ ಮೇಲೂ ಅದು ಮತ್ತೆ ಕೊಡುವುದಿಲ್ಲ. ಜಾವಾಸ್ಕ್ರಿಪ್ಟ್‌ನವರ ಭಂಡಾರ ಎನ್‌ಪಿಎಂನಲ್ಲೂ ಬಳಸಿಯಾದ ಆವೃತ್ತಿ ಸಂಖ್ಯೆ ಮರಳಿ ಸಿಗುವುದಿಲ್ಲ. ಗೋ ಭಾಷೆಯವರು ಇನ್ನೂ ಬಿಗಿ. ಅವರ ಚೆಕ್‌ಸಮ್ ದತ್ತಾಂಶಕೋಶದಲ್ಲಿ ಮೊದಲ ಸಲ ದಾಖಲಾದ ಹ್ಯಾಶ್ ಎಂಬ ಬೆರಳಚ್ಚಿಗೆ ಆಮೇಲಿನದು ತಾಳೆಯಾಗದಿದ್ದರೆ ಭದ್ರತಾ ದೋಷವೆಂದು ಕೂಗಿ ಕೆಲಸ ನಿಲ್ಲಿಸುತ್ತದೆ. ಇವರೆಲ್ಲ ಸೇರಿ ನಿಮ್ಮನ್ನು ಗೋಳು ಹೊಯ್ದುಕೊಳ್ಳಲು ಈ ನಿಯಮ ಮಾಡಿಲ್ಲ. ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮಾವಳಿಯ 3ನೆಯ ನಿಯಮವೇ ಇದು: ಬಿಡುಗಡೆಯಾದ ಆವೃತ್ತಿಯ ಒಳಗನ್ನು ಬದಲಿಸಕೂಡದು, ಏನೇ ಬದಲಾದರೂ ಹೊಸ ಆವೃತ್ತಿ. ಸಂಖ್ಯೆಯಲ್ಲಿ ಯಾವ ಭಾಗ ಏರಿಸಬೇಕು ಎಂದು ಗಂಟೆಗಟ್ಟಲೆ ವಾದ ಮಾಡುವವರು ಈ ನಿಯಮದ ಮೇಲೆ ಕಣ್ಣನ್ನೇ ಹಾಯಿಸಿರುವುದಿಲ್ಲ.

ನಿಮ್ಮದೇ ಉದಾಹರಣೆ ತೆಗೆದುಕೊಳ್ಳಿ. ರಕಾರ, ಹಲಂತ, ಯಕಾರ ಈ ಕ್ರಮದಲ್ಲಿ ಬಂದರೆ ‘ಸೂರ್ಯ’ದಲ್ಲಿ ಇರುವಂತೆ ಅರ್ಕಾವತ್ತು ಮೂಡುತ್ತದೆ. ‘ರ‍್ಯಾಂಕ್’ನಲ್ಲಿ ರಕಾರ ಮೇಲೆಯೇ ನಿಂತು ಯಕಾರ ಒತ್ತಾಗಿ ಕೆಳಗಿಳಿಯಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಜೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇರಲೇಬೇಕು. ಯುಟಿಎಫ್-8ರಲ್ಲಿ ಅದು ಮೂರು ಬೈಟ್. ನಿಮ್ಮ ಮೊದಲ 1.4.2 ಆ ಮೂರು ಬೈಟ್‌ಗಳನ್ನು ನುಂಗುತ್ತಿತ್ತು, ಎರಡನೆಯ 1.4.2 ನುಂಗುವುದಿಲ್ಲ.

ಈಗ ಒಂದು ಪ್ರಕಾಶನದ ಕಚೇರಿಯಲ್ಲಿ ಒಬ್ಬರು ಪೈಪಿಐನಿಂದ, ಇನ್ನೊಬ್ಬರು ನಿಮ್ಮ ಹೊಸ ಟ್ಯಾಗ್‌ನಿಂದ ಲೈಬ್ರರಿ ಹಾಕಿಕೊಂಡು ಹಳೆಯ ಲೇಖನಗಳನ್ನು ಪರಿವರ್ತಿಸುತ್ತಿದ್ದಾರೆ ಎಂದುಕೊಳ್ಳಿ. ಇಬ್ಬರ ಗಣಕದಲ್ಲೂ ಕೇಳಿದರೆ 1.4.2 ಎಂದೇ ಉತ್ತರ ಬರುತ್ತದೆ. ಇಬ್ಬರೂ ಒಂದೇ ದತ್ತಾಂಶಕೋಶಕ್ಕೆ ತುಂಬಿಸುತ್ತಾರೆ. ಅಲ್ಲಿ ‘ರ‍್ಯಾಂಕ್’ ಎಂದು ಹುಡುಕಿದರೆ ಅರ್ಧ ಲೇಖನಗಳು ಮಾತ್ರ ಸಿಗುತ್ತವೆ. ಅವರು ನಿಮಗೆ ದೂರು ಬರೆಯುತ್ತಾರೆ. ನೀವು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 1.4.2 ಓಡಿಸಿ ‘ನನ್ನಲ್ಲಿ ಸರಿಯಾಗಿದೆ’ ಎಂದು ದೂರನ್ನು ಮುಚ್ಚುತ್ತೀರಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೀರಿ, ದೋಷ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಗಿಟ್ ಕೂಡ ನೆರವಿಗೆ ಬರುವುದಿಲ್ಲ. ಹಳೆಯ ಟ್ಯಾಗ್ ಇರುವವರು ಎಷ್ಟು ಸಲ ಫೆಚ್ ಮಾಡಿ ತರಿಸಿಕೊಂಡರೂ, ಬಲವಂತದ ಆಯ್ಕೆ ಕೊಡದ ಹೊರತು, ಅವರಲ್ಲಿ ಹಳೆಯದೇ ಉಳಿಯುತ್ತದೆ.

‘ಯಾರೂ ಇಳಿಸಿಕೊಂಡಿರಲಾರರು’ ಎಂಬ ಸಮಾಧಾನ ಬೇಡ. ಹೊಸ ಪ್ಯಾಕೇಜ್ ಹೊರಬಿದ್ದ ಕೂಡಲೇ ಎಳೆದುಕೊಳ್ಳುವವರು ಮನುಷ್ಯರಲ್ಲ. ಮಿರರ್ ಎಂಬ ನಕಲು ಭಂಡಾರಗಳು, ಭದ್ರತಾ ಸ್ಕ್ಯಾನರ್‌ಗಳು, ಕೋಡ್‌ನಿಂದ ತಂತ್ರಾಂಶ ಕಟ್ಟುವ ಯಾರದೋ ಬಿಲ್ಡ್ ಯಂತ್ರಗಳು. ಅವಕ್ಕೆ ಊಟದ ವಿರಾಮವಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ 23,000ಕ್ಕೂ ಹೆಚ್ಚು ರಿಪಾಸಿಟರಿಗಳು (ಕೋಡ್ ಕಣಜಗಳು) ಬಳಸುತ್ತಿದ್ದ ಟಿಜೆ-ಆ್ಯಕ್ಷನ್ಸ್‌ನ ‘ಚೇಂಜ್ಡ್-ಫೈಲ್ಸ್’ ಎಂಬ ಪುಟ್ಟ ಉಪಕರಣಕ್ಕೆ ದಾಳಿಕೋರರು ನುಗ್ಗಿದರು. ಹೊಸ ಆವೃತ್ತಿಯನ್ನೇನೂ ಬಿಡಲಿಲ್ಲ. ಇದ್ದ ಹಳೆಯ ಟ್ಯಾಗ್‌ಗಳನ್ನೇ ತಮ್ಮ ಕಮಿಟ್‌ನತ್ತ ತಿರುಗಿಸಿದರು, ಅಷ್ಟೇ. ಆ ಕೋಡ್ ಬಿಲ್ಡ್ ಯಂತ್ರದ ಸ್ಮೃತಿಯಲ್ಲಿದ್ದ ಗುಪ್ತ ಕೀಲಿಗಳನ್ನು ಲಾಗ್‌ಗೆ ಸುರಿಯಿತು. ಟ್ಯಾಗ್ ನಂಬಿದವರು ಸಿಕ್ಕಿಬಿದ್ದರು, ಪರಿಶೀಲಿಸಿದ ಕಮಿಟ್‌ನ ಹ್ಯಾಶ್ ಬರೆದಿಟ್ಟುಕೊಂಡವರು ಪಾರಾದರು. ಟ್ಯಾಗ್ ಜಾಗ ಬದಲಿಸಿತು ಎಂದರೆ ಬಳಸುವವರು ಗಾಬರಿಯಾಗಲೇಬೇಕು. ಕಾಗುಣಿತ ತಿದ್ದಲೆಂದು ನೀವು, ರೀಡ್‌ಮಿ ಬಿಟ್ಟುಹೋಯಿತೆಂದು ಇನ್ನೊಬ್ಬರು ಟ್ಯಾಗ್ ಸರಿಸುತ್ತಾ ಹೋದರೆ ನಿಜವಾದ ದಾಳಿಯ ದಿನ ‘ಓ, ಮತ್ತೆ ಏನೋ ಚಿಕ್ಕದು ತಿದ್ದಿರಬೇಕು’ ಎಂದು ಜನ ಸುಮ್ಮನಾಗುತ್ತಾರೆ.

ಮಾರತ್ತಹಳ್ಳಿ, ಬಿಟಿಎಂ ಬಡಾವಣೆಯ ತರಬೇತಿ ಕೇಂದ್ರಗಳಿಂದ ಹೊರಬರುವ ಹುಡುಗರಲ್ಲಿ ‘ತಪ್ಪಾದರೆ ಫೋರ್ಸ್ ಪುಶ್ ಮಾಡು’ ಎಂಬ, ಹಳೆಯದರ ಮೇಲೆ ಹೊಸದನ್ನು ಬಲವಂತವಾಗಿ ಹೇರುವ ರಾಮಬಾಣ ಹಿಡಿದು ಬರುವವರನ್ನು ಆಗಾಗ ನೋಡುತ್ತೇನೆ. ಮೂರು ದಿನದಲ್ಲಿ ಡೆವ್‌ಆಪ್ಸ್ ಕಲಿಸುವ ವೀಡಿಯೊ ಪಂಡಿತರ ಉಪದೇಶವೂ ಇದೇ. ನಿಮ್ಮ ಸ್ವಂತ ಶಾಖೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ. ಬಿಡುಗಡೆಯಾದ ಟ್ಯಾಗ್ ನಿಮ್ಮ ಸ್ವಂತದ್ದಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರದಲ್ಲಿ ಸರ್ವೆ ನಂಬರು ತಪ್ಪಿದ್ದರೆ ಬ್ಲೇಡಿನಿಂದ ಕೆರೆದು ಬರೆಯುತ್ತೀರಾ? ತಿದ್ದುಪಡಿ ಪತ್ರ ಮಾಡಿಸುತ್ತೀರಿ. ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕವೂ ಇಲ್ಲ.

ಈಗ ಮಾಡಬೇಕಾದದ್ದು: 1.4.2 ಟ್ಯಾಗ್ ಅನ್ನು ಪೈಪಿಐನಲ್ಲಿರುವ ಕಡತ ಯಾವ ಕಮಿಟ್‌ನಿಂದ ಹುಟ್ಟಿತೋ ಅಲ್ಲಿಗೇ ಮರಳಿಸಿ. ಇದೊಂದೇ ಸಲ, ಅದೂ ಬಹಿರಂಗವಾಗಿ ಹೇಳಿ. ತಿದ್ದುಪಡಿಯನ್ನು 1.4.3 ಎಂದು ಬಿಡಿ. ಪೈಪಿಐನಲ್ಲಿ 1.4.2ನ್ನು ಯಾಂಕ್ ಮಾಡಿ, ಅಳಿಸಬೇಡಿ. ಯಾಂಕ್ ಮಾಡಿದರೆ ಹೊಸದಾಗಿ ಹಾಕಿಕೊಳ್ಳುವವರಿಗೆ ಅದು ಸಿಗುವುದಿಲ್ಲ, 1.4.2 ಎಂದೇ ಖಚಿತವಾಗಿ ಬರೆದುಕೊಂಡವರ ಕೆಲಸವೂ ನಿಲ್ಲುವುದಿಲ್ಲ. ಅಳಿಸಿದರೆ ಏನಾಗುತ್ತದೆ ಎಂಬುದನ್ನು 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ತೋರಿಸಿಕೊಟ್ಟಿದೆ. 11 ಸಾಲಿನ ಆ ಪ್ಯಾಕೇಜ್ ಎನ್‌ಪಿಎಂನಿಂದ ಮಾಯವಾದಾಗ ಅದರ ಹೆಸರೇ ಕೇಳಿರದವರ ಬಿಲ್ಡ್‌ಗಳೂ ಮುರಿದುಬಿದ್ದವು.

ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ‘ಕೆಲವು ದೋಷ ಪರಿಹಾರ’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಯಾವ ಅಕ್ಷರ ಬಿಟ್ಟುಹೋಗುತ್ತಿತ್ತು, 1.4.2ರಲ್ಲಿ ಪರಿವರ್ತಿಸಿದ ಪಠ್ಯವನ್ನು ಮೂಲದಿಂದ ಮತ್ತೆ ಪರಿವರ್ತಿಸಬೇಕು, ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಲೈಬ್ರರಿ ಸರಿಹೋದರೂ ಅದು ಕೆಡಿಸಿಟ್ಟ ಪಠ್ಯ ತಾನಾಗಿ ಸರಿಹೋಗುವುದಿಲ್ಲ.

ಪ್ರಶ್ನೆ: ಲೈಬ್ರರಿಗೆ ಸಮಯ ಕೊಡಲಾಗುತ್ತಿಲ್ಲ. ಮುಖ ನೋಡಿರದ ಒಬ್ಬರು ಒಳ್ಳೊಳ್ಳೆಯ ತಿದ್ದುಪಡಿ ಕೋಡ್ (ಪ್ಯಾಚ್) ಕಳುಹಿಸುತ್ತಾರೆ, ಈಗ ಬಿಡುಗಡೆ ಮಾಡುವ ಹಕ್ಕನ್ನೂ ಕೇಳುತ್ತಿದ್ದಾರೆ. ಕೊಡಲೇ? (ವಿಜಯನಗರ)

ಉತ್ತರ: ಪ್ಯಾಚ್ ತೆಗೆದುಕೊಳ್ಳಿ, ಹಕ್ಕು ಕೊಡಬೇಡಿ. 2018ರಲ್ಲಿ ಎನ್‌ಪಿಎಂನ ಈವೆಂಟ್-ಸ್ಟ್ರೀಮ್ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದ ಮೇಂಟೇನರ್ ಹೀಗೆಯೇ ಕೇಳಿದವರಿಗೆ ಕೊಟ್ಟರು. ಹೊಸಬರು ಸೇರಿಸಿದ ಇನ್ನೊಂದು ಪ್ಯಾಕೇಜ್‌ನೊಳಗೆ ಬಿಟ್‌ಕಾಯಿನ್ ವ್ಯಾಲೆಟ್ ದೋಚುವ ಕೋಡ್ ಅಡಗಿತ್ತು. ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್‌ನ 2024ರ ಪ್ರಕರಣ ಇನ್ನೂ ನಯವಾದದ್ದು. ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿದ ಸಹ-ಮೇಂಟೇನರ್ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟರು. ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಗೆಂದು ಕಟ್ಟಿದ ಟಾರ್‌ಬಾಲ್ ಕಡತದಲ್ಲಿದ್ದವು, ಗಿಟ್‌ನಲ್ಲಿ ಇರಲೇ ಇಲ್ಲ. ದೂರದ ಗಣಕಕ್ಕೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೂಂಡ್ ಎಂಬ ಇಂಜಿನಿಯರ್ ಕೆದಕದಿದ್ದರೆ ಅದು ಲಿನಕ್ಸ್ ಸರ್ವರ್‌ಗಳಲ್ಲೆಲ್ಲ ಹರಡುತ್ತಿತ್ತು. ನಾನಾದರೆ ರಿಪಾಸಿಟರಿಯನ್ನು ಆರ್ಕೈವ್ ಮಾಡಿ ‘ಇನ್ನು ನೋಡಿಕೊಳ್ಳುವವರಿಲ್ಲ’ ಎಂದು ಬರೆಯುತ್ತೇನೆ. ಬೇಕಾದವರು ನಕಲು ತೆಗೆದು ಬೇರೆ ಹೆಸರಿನಲ್ಲಿ ಫೋರ್ಕ್ ಮಾಡಿಕೊಳ್ಳಲಿ. ಇದು ಅತಿ ಅನುಮಾನ ಎಂದು ಗೆಳೆಯರು ನಗುತ್ತಾರೆ, ನಗಲಿ.

ಪ್ರಶ್ನೆ: ಹೊರವರ್ತುಲ ರಸ್ತೆಯ ದೊಡ್ಡ ಕಂಪನಿಯೊಂದು ನಮ್ಮ ಹಳೆಯ 1.x ಸರಣಿಗೆ ಇನ್ನೂ ತಿದ್ದುಪಡಿ ಕೊಡಿ ಎಂದು ಪೀಡಿಸುತ್ತಿದೆ. (ಜಯನಗರ)

ಉತ್ತರ: ದರಪಟ್ಟಿ ಕಳುಹಿಸಿ. ಲಿನಕ್ಸ್ ಕರ್ನಲ್‌ನವರೇ ದೀರ್ಘಾವಧಿ ಬೆಂಬಲವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದರು, ಬಿಡುವಿನಲ್ಲಿ ಕೆಲಸ ಮಾಡುವ ನೀವು ಯಾವ ಲೆಕ್ಕ? ಕೊನೆಯ ದಿನಾಂಕವನ್ನು ಮೊದಲೇ ಪ್ರಕಟಿಸಿ, ಅದಕ್ಕೆ ಅಂಟಿಕೊಳ್ಳಿ. ಹಣವೇ ತೊಂದರೆಯಾಗಿದ್ದರೆ ಇದೇ ಊರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹಂಚುತ್ತದೆ, ಅರ್ಜಿ ಹಾಕಿ.

ಪ್ರಶ್ನೆ: ನಮ್ಮ ಯೋಜನೆಗೆ 8 ಆಗಿಬರುವುದಿಲ್ಲ, 9ಕ್ಕೆ ಹಾರಿ ಎಂದು ಸಂಖ್ಯಾಶಾಸ್ತ್ರಿಯೊಬ್ಬರು ಹೇಳಿದ್ದಾರೆ. ರಾಹುಕಾಲದಲ್ಲಿ ಬಿಡುಗಡೆ ಬೇಡ ಎಂದೂ. (ಮಲ್ಲೇಶ್ವರ)

ಉತ್ತರ: ಅವರಿಗೆ ಕೊಟ್ಟ ದಕ್ಷಿಣೆಯಲ್ಲಿ ಇನ್ನಷ್ಟು ಪರೀಕ್ಷೆ ಬರೆಸಬಹುದಿತ್ತು. ಶುಕ್ರವಾರ ಸಂಜೆ ಮಾತ್ರ ಬಿಡುಗಡೆ ಬೇಡ, ಶನಿವಾರ ದೂರು ಓದಬೇಕಾದವರು ನೀವೇ.

ಪ್ರಶ್ನೆ: ಮೊದಲ ಸ್ಥಿರ ಆವೃತ್ತಿ 1.0 ಯಾವಾಗ? ಐದು ವರ್ಷದಿಂದ 0.x ನಲ್ಲೇ ಇದ್ದೇವೆ. (ರಾಜಾಜಿನಗರ)

ಉತ್ತರ: ಜನ ಅದನ್ನು ನಂಬಿ ಕೆಲಸ ನಡೆಸುತ್ತಿದ್ದರೆ ಎಂದೋ ಆಗಬೇಕಿತ್ತು. ಜಾಲಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿ 2016ರಲ್ಲಿ 0.14ರಿಂದ ನೇರ 15ಕ್ಕೆ ಹಾರಿತು, ಆಕಾಶ ಕಳಚಿ ಬೀಳಲಿಲ್ಲ.

ಪ್ರಶ್ನೆ: 0.9 ಆದ ಮೇಲೆ 0.10 ಹೇಗೆ? ಅದು ಚಿಕ್ಕದಲ್ಲವೇ? ನಮ್ಮ ಬಿಲ್ಡ್ ಕೂಡ ಪೈಥಾನ್ 3.10 ಎಂದರೆ 3.1 ಹುಡುಕುತ್ತದೆ. (ಕೆಂಗೇರಿ)

ಉತ್ತರ: ಅದು ದಶಮಾಂಶ ಬಿಂದುವಲ್ಲ, ಒಂಬತ್ತರ ನಂತರ ಹತ್ತು. ಬಿಲ್ಡ್‌ನ ಸೂಚನೆಗಳಿರುವ ನಿಮ್ಮ ಯಾಮಲ್ ಕಡತ ಮಾತ್ರ ನಿಮ್ಮಂತೆಯೇ ದಶಮಾಂಶ ಎಂದುಕೊಂಡು ಕೊನೆಯ ಸೊನ್ನೆ ಬಿಡುತ್ತಿದೆ. 3.10ರ ಸುತ್ತ ಉದ್ಧರಣ ಚಿಹ್ನೆ ಹಾಕಿ.